ತೆನೆ ಬಿಡದ ಗೋವಿನಜೋಳ

ಕೊಣ್ಣೂರಿನ ಹೊಲಗಳಲ್ಲಿ ಮೂವತ್ತು ವರ್ಷ ಕೂಲಿ ಮಾಡಿದ ಲಗಮವ್ವ, ತನ್ನ ಕೈ ಹತ್ತಿದ ಬೆಳೆ ಯಾವುದೂ ಸತ್ತಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಈಗ ಅವಳು ಗೋಕಾಕದಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಆಮ್ರಪಾಲಿಯ ಮನೆಯಲ್ಲಿದ್ದಳು. ಪಡಸಾಲೆಯ ಮೂಲೆಯಲ್ಲಿ ಒಂದು ಕುಂಡದ ಗಿಡವಿತ್ತು. ಆಮ್ರಪಾಲಿಗೆ ನೌಕರಿ ಸಿಕ್ಕಾಗ ಗೆಳತಿಯರು ಕೊಟ್ಟದ್ದು, ಹನ್ನೆರಡು ವರ್ಷದ ಮುದಿಗಿಡ. ಕೆಳಗೆಲ್ಲ ಬೋಳು ಕಾಂಡ, ನೆತ್ತಿಯಲ್ಲಷ್ಟೇ ಒಂದು ಜುಟ್ಟು ಎಲೆ. ಅದರಲ್ಲೂ ಅರ್ಧ ಒಣಗಿದ್ದವು.

ಆರು ವಾರದ ತರಬೇತಿಗೆ ಮೈಸೂರಿಗೆ ಹೊರಟ ಆಮ್ರಪಾಲಿ ಗಿಡವನ್ನು ಅವ್ವನಿಗೆ ಒಪ್ಪಿಸಿದಳು. ಅದರ ಹೆಸರು ಕಾರ್ನ್ ಪ್ಲಾಂಟ್, ಅಂದರೆ ಗೋವಿನಜೋಳದ ಗಿಡ ಎಂದಳು. ಅದು ಹೆಸರಿಗಷ್ಟೇ ಎಂದು ಬಿಡಿಸಿ ಹೇಳುವಷ್ಟರಲ್ಲಿ ಆಟೋ ಬಂತು.

ಲಗಮವ್ವ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು. ಹನ್ನೆರಡು ವರ್ಷಕ್ಕೆ ಒಂದು ತೆನೆಯೂ ಇಲ್ಲ. ಹೊಟ್ಟೆಗಿಲ್ಲದೆ ಹೀಗಾಗಿದೆ ಎಂದು ತೀರ್ಮಾನಿಸಿ ಎರಡು ಮುಷ್ಟಿ ಯೂರಿಯಾ ಹಾಕಿದಳು. ಬೆಳಗ್ಗೆ ಸಂಜೆ ತಂಬಿಗೆಗಟ್ಟಲೆ ನೀರು ಸುರಿದಳು. ವಾರದೊಳಗೆ ಎಲೆಗಳು ಹಳದಿಯಾಗಿ ಟಿವಿಯ ಮೇಲೆ ಉದುರತೊಡಗಿದವು. ಬಾಜೂ ಮನೆಯ ನಿವೃತ್ತ ಮಾಸ್ತರ ವೀರಪ್ಪ ಮೊಬೈಲಿನಲ್ಲಿ ಓದಿ, ಬೆಳಕು ಬೇಕಂತೆ ಎಂದರು. ಇಬ್ಬರೂ ಕುಂಡವನ್ನು ಅಂಗಳಕ್ಕೆ ಎಳೆದರು. ನೇರ ಬಿಸಿಲು ತಾಗಬಾರದು ಎಂಬುದು ಮುಂದಿನ ಸಾಲಿನಲ್ಲಿತ್ತು. ಮಾಸ್ತರರು ಅದನ್ನು ಓದುವ ಹೊತ್ತಿಗೆ ಉಳಿದ ಎಲೆಗಳು ಹಪ್ಪಳವಾಗಿದ್ದವು.

ರವಿವಾರ ಮಗಳು ವಿಡಿಯೋ ಕಾಲ್ ಮಾಡುವವಳಿದ್ದಳು. ಸುಳ್ಳು ಹೇಳುವುದಿಲ್ಲವೆಂದು ಲಗಮವ್ವ ಬುದ್ಧವಿಹಾರದಲ್ಲಿ ಶೀಲ ತೆಗೆದುಕೊಂಡಿದ್ದಳು. ಆದರೆ ತೋರಿಸುವ ವಿಷಯದಲ್ಲಿ ಅಲ್ಲಿ ಯಾರೂ ಏನೂ ಹೇಳಿರಲಿಲ್ಲ. ಬಸ್ಸು ಹತ್ತಿ ಕೊಣ್ಣೂರಿಗೆ ಹೋಗಿ, ಹಳೆಯ ಪರಿಚಯದವರ ಹೊಲದಿಂದ ಒಂದು ಹೊರೆ ಹಸಿ ಗೋವಿನಜೋಳದ ಎಲೆ ತಂದು, ದಾರದಿಂದ ಗಿಡಕ್ಕೆ ಕಟ್ಟಿದಳು.

ಮಗಳು ಫೋನಿನಲ್ಲಿ ಬಹಳ ಹೊತ್ತು ಗಿಡವನ್ನೇ ನೋಡಿದಳು.

"ಭಾಳ ಚಿಗತೈತಿ ಬಿಡವ್ವಾ. ಏನ್ ಹಾಕಿದಿ?"

"ನೀರ ಹಾಕೇನಿ," ಎಂದಳು ಲಗಮವ್ವ. ಅದು ಸುಳ್ಳಲ್ಲ.

ಮರುದಿನ ಬಾಡಿದ ಎಲೆ ಬಿಚ್ಚುವಾಗ ಅವಳ ಬೆರಳು ಕಾಂಡದ ಮೇಲಿನ ಬಳೆಬಳೆಯಂಥ ಗುರುತುಗಳ ಮೇಲೆ ನಿಂತಿತು. ಇಂಥ ಗಣ್ಣುಗಳನ್ನು ಕಬ್ಬಿನ ಗದ್ದೆಯಲ್ಲಿ ಅವಳು ಲೆಕ್ಕವಿಲ್ಲದಷ್ಟು ಹಿಡಿದಿದ್ದಳು. ಕೂಡಲೇ ವೀರಪ್ಪನವರನ್ನು ಕರೆದಳು.

"ಮಾಸ್ತರ್ರ, ಇದು ಗೊಂಜಾಳ ಅಲ್ಲರಿ. ಕಬ್ಬಿನ ಜಾತಿ. ಕಡದ್ರ ಕುಳಿ ಒಡದು ಮತ್ತ ಚಿಗೀತೈತಿ."

ಮಾಸ್ತರರು ಮತ್ತೆ ಮೊಬೈಲು ತೆಗೆದರು. ಅವರು ಕನ್ನಡಕ ಹುಡುಕುವಷ್ಟರಲ್ಲಿ ಲಗಮವ್ವ ಕುಡಗೋಲಿನಿಂದ ಗಿಡವನ್ನು ಮೊಣಕಾಲಮಟ್ಟಕ್ಕೆ ಕಡಿದಿದ್ದಳು. ಮೇಲಿನ ಕಾಂಡವನ್ನು ಗೇಣುದ್ದದ ತುಂಡು ಮಾಡಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದಳು. ಯೂರಿಯಾ ಕುಡಿದ ಮಣ್ಣನ್ನೆಲ್ಲ ತೆಗೆದು ಹೊಸ ಮಣ್ಣು ತುಂಬಿದಳು. ಆಮೇಲೆ ಭಯವಾಯಿತು. ಮುಂದೆ ರವಿವಾರ ಬಂದಾಗಲೆಲ್ಲ ಫೋನಿನ ಕ್ಯಾಮೆರಾ ಕೆಡುತ್ತಿತ್ತು.

ಆಮ್ರಪಾಲಿ ಮನೆಗೆ ಬಂದು ಬ್ಯಾಗು ಕೆಳಗಿಟ್ಟು ಮೋಟುಗಿಡದ ಮುಂದೆ ನಿಂತಳು. ಮೋಟನ್ನು ಒಮ್ಮೆ ಮುಟ್ಟಿ, ಕೈಕಾಲು ತೊಳೆದು ಊಟಕ್ಕೆ ಕುಳಿತಳು. ರೊಟ್ಟಿ ತಿನ್ನುವಾಗ ತರಬೇತಿಯ ಸುದ್ದಿಯನ್ನಷ್ಟೇ ಹೇಳಿದಳು. ಲಗಮವ್ವನಿಗೆ ತಡೆಯಲಾಗದೆ ಯೂರಿಯಾದಿಂದ ಹಿಡಿದು ದಾರದವರೆಗೆ ಎಲ್ಲವನ್ನೂ ಒಪ್ಪಿಕೊಂಡಳು.

"ಎಲಿ ಕಟ್ಟಿದ್ದು ಅವತ್ತ ಗೊತ್ತಾತು," ಎಂದಳು ಮಗಳು. "ನಡುವ ಒಂದು ಹೂವಿನ ತುರಾಯಿನೂ ಇತ್ತವ್ವಾ. ನನ್ನ ಬಾಜೂ ಕುಂತಾಕಿ ತರಬೇತಿಗೆ ಬಂದ ಸಸ್ಯಶಾಸ್ತ್ರದ ಮೇಡಂ. ಮನ್ಯಾಗ ಗೊಂಜಾಳ ಹೂ ಬಿಟ್ಟೈತಿ ಅಂತ ಎಲ್ಲಾರನೂ ಕರದ್ಳು."

ಇಷ್ಟು ಹೇಳಿ ನಗು ತಡೆಯಲಾರದೆ ರೊಟ್ಟಿ ತಟ್ಟೆಗಿಟ್ಟಳು.

ಮಗಳು ಬಂದ ಎಂಟು ದಿನಕ್ಕೆ ಮೋಟಿನ ತೊಗಟೆ ಸೀಳಿ ಎರಡು ಹಸಿರು ಮೊಗ್ಗು ಮೂಡಿದವು. ಬಕೆಟ್ಟಿನ ತುಂಡುಗಳಲ್ಲಿ ಮೂರಕ್ಕೆ ಬೇರು ಬಂತು. ಒಂದು ಮನೆಯಲ್ಲೇ ಉಳಿಯಿತು, ಒಂದು ಕಾಲೇಜಿಗೆ ಹೋಯಿತು, ಒಂದನ್ನು ವೀರಪ್ಪ ಮಾಸ್ತರರು ಕೇಳಿ ಪಡೆದರು. ತನ್ನನ್ನು ಕೇಳದೆ ಹನಿ ನೀರೂ ಹಾಕಬಾರದೆಂದು ಲಗಮವ್ವ ಮೊದಲೇ ತಾಕೀತು ಮಾಡಿದ್ದಳು. ಈಗ ದಿನಾ ಬೆಳಗ್ಗೆ ಮಾಸ್ತರರು ತಂಬಿಗೆ ಹಿಡಿದು ಕಾಂಪೌಂಡಿನ ಆಚೆ ನಿಲ್ಲುತ್ತಾರೆ.

"ಹಾಕ್ಲೇನ್ರಿ ಲಗಮವ್ವಾ?"

"ಬ್ಯಾಡ್ರಿ, ಗುರುವಾರ ಬರ್ರಿ," ಎನ್ನುತ್ತಾಳೆ ಅವಳು.