ರೇವಣಸಿದ್ದಪ್ಪನವರ ಸಹಿ ಬಿದ್ದ ಪಿಸ್ತೂಲು

ಬೆಳಗಿನ ಐದೂಕಾಲು. ಟೊರೊಂಟೊ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಮನೆಗಳ ನೆತ್ತಿ ಸವರಿಕೊಂಡು ದಿನದ ಮೊದಲ ವಿಮಾನ ಇಳಿಯುತ್ತಿದೆ. ಅಲ್ಲಿಂದ ಇಪ್ಪತ್ತು ನಿಮಿಷದ ದಾರಿಯ ಒಂದು ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿ ರೇವಣಸಿದ್ದಪ್ಪ ಪಿಸ್ತೂಲೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಮೂಗಿನ ಹತ್ತಿರ ತಂದು ಮೂಸುತ್ತಾರೆ.

"ಎಣ್ಣಿ ವಾಸನಿ ಬರಬೇಕಿತ್ತು. ಬೆವರಿಂದು ಬರಾಕತ್ತೈತಿ, ನೋಡ್ರಿ."

ಹಿಡಿಯ ತಿರುಪು ಬಿಚ್ಚಿದರೆ ಆ ತಿರುಪಿಗೇ ಸಾಸಿವೆ ಕಾಳಿನಷ್ಟು ತುಕ್ಕು. ಬರೀ ಒಂದು ರಾತ್ರಿಯ ಬೆವರಿಗೆ.

ಇವು ಮಫ್ತಿ ಪೊಲೀಸರ ಪಿಸ್ತೂಲುಗಳು. ಚಳಿಗಾಲದಲ್ಲಿ ದಪ್ಪ ಕೋಟಿನಡಿ ಹಾಯಾಗಿರುತ್ತವೆ. ಬೇಸಿಗೆ ಬಂತೋ, ತೆಳ್ಳನೆಯ ಅಂಗಿಗೂ ಮೈಗೂ ನಡುವೆ ಸಿಕ್ಕಿ ದಿನವಿಡೀ ಬೇಯುತ್ತವೆ. "ಟೊರೊಂಟೊ ಅಂದ್ರ ಬರೇ ಹಿಮ ಅಂತ ನಮ್ಮೂರಾಗ ತಿಳಕೊಂಡಾರ. ಜುಲೈದಾಗ ಬಂದು ಈ ಕೆರಿ ದಂಡ್ಯಾಗ ನಿಂದರ್ರಿ. ಅಂಗಿ ಹಿಂಡಿದ್ರ ಒಂದು ತಂಬಿಗಿ ನೀರು!"

ಐವತ್ತೆರಡರ ರೇವಣಸಿದ್ದಪ್ಪ ಬೈಲಹೊಂಗಲದವರು. ಸೈನ್ಯದಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿ, ತೊಂಬತ್ಮೂರರಲ್ಲಿ ಇಲ್ಲಿಗೆ ಬಂದರು. ಐದು ವರ್ಷ ಬ್ರೆಡ್ ಫ್ಯಾಕ್ಟರಿಯ ಒಲೆಯ ಮುಂದೆ ನಿಂತ ಮೇಲೆ ಈ ಕೆಲಸ ಸಿಕ್ಕಿತು. ಅದೂ ವರ್ಷ ವರ್ಷದ ಕಾಂಟ್ರಾಕ್ಟು. ಯುಗಾದಿ ಊಟದ ಸಾಲಿನಲ್ಲಿ ಯಾರೋ "ಪೊಲೀಸ್ ಡಿಪಾರ್ಟ್‌ಮೆಂಟಲ್ಲಿ ಏನು ಪೋಸ್ಟು ನಿಮ್ದು?" ಎಂದು ಕೇಳಿದರೆ ಹೆಂಡತಿ ಶಾರದವ್ವನೇ ಉತ್ತರ ಕೊಟ್ಟುಬಿಡುತ್ತಾರೆ: "ಒರಸೂದ್ರಿ. ಮನ್ಯಾಗ ಒಂದು ತಾಟು ಒರಸಂಗಿಲ್ಲ, ಅಲ್ಲಿ ಹೋಗಿ ಒರಸ್ತಾರ."

ಅವರ ಸುಪರ್ದಿನಲ್ಲಿ ನಲವತ್ತಾರು ಪಿಸ್ತೂಲುಗಳಿವೆ. ದಿನಕ್ಕೆ ಹನ್ನೆರಡನ್ನು ಬಿಚ್ಚಿ, ಒರೆಸಿ, ಎಣ್ಣೆ ಮುಟ್ಟಿಸಿ ಜೋಡಿಸುತ್ತಾರೆ. ಯಾರ ಬೆವರು ಎಷ್ಟು ಖಾರ ಎಂಬುದೂ ಅವರಿಗೆ ಗೊತ್ತು. ಕೆಲವರ ಬೆವರಿಗೆ ಒಂದೇ ಹಗಲಲ್ಲಿ ತಿರುಪು ಕೆಂಪಾಗುತ್ತದೆ. ಕೆಲಸ ಮುಗಿದ ಪಿಸ್ತೂಲಿಗೆ ಒಂದು ಚೀಟಿ ಕಟ್ಟಿ, 'ಪರೀಕ್ಷಿಸಿದವರು' ಎಂಬಲ್ಲಿ ಸಹಿ ಹಾಕುತ್ತಾರೆ. ಕನ್ನಡದಲ್ಲಿ. ಅದನ್ನು ಓದಬಲ್ಲವರು ಆ ಠಾಣೆಯಲ್ಲಿ ಇನ್ನೊಬ್ಬರಿಲ್ಲ.

ಆ ಸಹಿಗೆ ಹೋದ ವರ್ಷ, ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಪರೀಕ್ಷೆ ಎದುರಾಯಿತು. ಮಫ್ತಿಯವರಿಗೆ ಹೊಸ ಪಿಸ್ತೂಲು ಕೊಳ್ಳಬೇಕಿತ್ತು. ಮೇಲಿನವರು ಎಲ್ಲಕ್ಕಿಂತ ಪುಟ್ಟದನ್ನು ಆರಿಸಿದ್ದರು: ಅಂಗೈಯಗಲ, ಹಗುರ, ಅಂಗಿಯಡಿ ಇದೆಯೆಂದೇ ಗೊತ್ತಾಗದು. 'ಬೇಸಿಗೆಗೆ ತಕ್ಕದ್ದು' ಎಂಬ ಕಾಗದಕ್ಕೆ ರೇವಣಸಿದ್ದಪ್ಪನವರ ಸಹಿಯೊಂದೇ ಬಾಕಿ. ಅವರು ಹಾಕಲಿಲ್ಲ. ಅವರ ಕಾಂಟ್ರಾಕ್ಟು ಮುಂದುವರಿಸುವ ಕಾಗದವೂ ಆ ಸಹಿ ಕೇಳಿದ ಇನ್ಸ್‌ಪೆಕ್ಟರ್ ಮೇಜಿನ ಮೇಲಿತ್ತು.

"ಅವರ ಪಿಸ್ತೂಲು, ಅವರ ಸೊಂಟ. ನಿಮ್ಮ ಗಂಟೇನು ಹೋಗತೈತಿ? ಒಂದು ಗೀಟು ಎಳದು ಬರ್ರಿ," ಎಂದರು ಶಾರದವ್ವ. ಮಗಳು ಸೌಮ್ಯಾಳದೂ ಅದೇ ಮಾತು: "ಅಪ್ಪಾ, ಜಸ್ಟ್ ಸೈನ್ ಇಟ್."

"ಗೀಟು ನಂದಲ್ಲೇನವ್ವಾ?" ಎಂದಷ್ಟೇ ಹೇಳಿ ಅವರು ಮಲಗಿದರು.

ಅವರ ಹಟಕ್ಕೆ ಕಾರಣವಿತ್ತು. ಬಿಸಿನೀರಿನ ಬಾಯ್ಲರ್ ಪಕ್ಕದ ಕೋಣೆಯಲ್ಲಿ, ಮಾದರಿಗೆ ಬಂದ ಖಾಲಿ ಪಿಸ್ತೂಲುಗಳನ್ನು ಬನಿಯನ್ನಿಗೆ ತಾಗುವಂತೆ ಸಿಕ್ಕಿಸಿಕೊಂಡು ಹದಿನಾಲ್ಕು ದಿನ ದುಡಿದಿದ್ದರು. ಪುಟ್ಟ ಪಿಸ್ತೂಲಿಗೆ ಮೂರನೇ ದಿನವೇ ಮೈತುಂಬ ತುಕ್ಕು ಹತ್ತಿತು. ತುಕ್ಕನ್ನಾದರೂ ಒರೆಸಬಹುದು, ಒದ್ದೆ ಕೈಯಿಂದ ಎಳೆದಾಗಲೆಲ್ಲ ಅದು ಸಾಬೂನಿನಂತೆ ಜಾರುತ್ತಿತ್ತು.

"ಸರ್, ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಕೈ ನಂಬ್ರಿ ಅಂದೆ. ನಮ್ಮ ಇಂಗ್ಲಿಷ್ ನಿಮಗ ಗೊತ್ತೈತಲ್ಲ, ಅದರಾಗ ಅಂದೆ," ಎಂದು ನಗುತ್ತಾರೆ.

ಆಗಸ್ಟಿನ ಸುಡು ಮಧ್ಯಾಹ್ನ ಇನ್ಸ್‌ಪೆಕ್ಟರ್ ಹತ್ತು ನಿಮಿಷ ಮೆಟ್ಟಿಲು ಹತ್ತಿಳಿದು, ಬೆವರಿದ ಕೈಯಲ್ಲೇ ಗುರಿಯ ಮುಂದೆ ನಿಂತರು. ಪುಟ್ಟದರ ಹಿಡಿಗೆ ಎರಡೇ ಬೆರಳು ಹಿಡಿದವು. ಎರಡನೇ ಗುಂಡಿಗೆ ಅದು ಅಂಗೈಯಲ್ಲೇ ಹೊರಳಿತು. ನಾಲ್ಕನೆಯದಕ್ಕೆ ಸಿಕ್ಕಿಕೊಂಡು ನಿಂತೇಬಿಟ್ಟಿತು. ಆಮೇಲೆ ರೇವಣಸಿದ್ದಪ್ಪ ತಾವು ಮೆಚ್ಚಿದ್ದನ್ನು ಕೊಟ್ಟರು: ತುಕ್ಕು ಸುಲಭಕ್ಕೆ ಹತ್ತದ ಸ್ಟೀಲು, ಬೆಕ್ಕಿನ ನಾಲಿಗೆಯಂಥ ತರಿತರಿ ಹಿಡಿ, ಎರಡು ಬೆರಳಿನಷ್ಟು ಹೆಚ್ಚು ಉದ್ದ. ಐದಕ್ಕೆ ಐದೂ ಗುರಿಗೆ ಬಿದ್ದವು.

ಇನ್ಸ್‌ಪೆಕ್ಟರ್ ಮುಖ ಒರೆಸಿಕೊಳ್ಳುತ್ತ ಗೊಣಗಿದರು: "ಇದನ್ನು ಮುಚ್ಚಲು ಒಂದು ಸೈಜು ದೊಡ್ಡ ಅಂಗಿ ಬೇಕಲ್ಲ, ರೇವ್!"

"ಅಂಗಿ ದೊಡ್ಡದು ಸಿಗತೈತಿ ಸರ್. ಬ್ಯಾರೆ ಕೈ ಸಿಗೂದಿಲ್ಲ."

ಆ ಪಿಸ್ತೂಲೇ ಬಂತು. ಕಾಂಟ್ರಾಕ್ಟೂ ಮುಂದುವರಿಯಿತು. ಖರೀದಿಯ ಆದೇಶದಲ್ಲಿ ರೇವಣಸಿದ್ದಪ್ಪನವರ ಹೆಸರಿಲ್ಲ. ಇಲಾಖೆಯ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ನಗುತ್ತಿರುವವರು ಬೇರೆಯವರು. ಅದರ ಬಗ್ಗೆ ಕೇಳಿದರೆ ಅವರು ಎಣ್ಣೆಯ ಬಟ್ಟೆ ಮಡಚುತ್ತ ಪಿಸ್ತೂಲು ಕೊಡುವ ಕಿಟಕಿಯ ಕಡೆ ಗದ್ದ ಎತ್ತುತ್ತಾರೆ.

ಆರು ಗಂಟೆಯ ಶಿಫ್ಟಿಗೆ ಬಂದ ಮಫ್ತಿಯ ಹುಡುಗಿ ಅಲ್ಲಿ ನಿಂತಿದ್ದಾಳೆ. ಪಿಸ್ತೂಲು ಕೈಗೆ ಬಂದರೂ ಸೊಂಟಕ್ಕೆ ಸಿಕ್ಕಿಸುವುದಿಲ್ಲ. ಮೊದಲು ಚೀಟಿ ತಿರುಗಿಸಿ, ತನಗೆ ಓದಲು ಬಾರದ ಆ ದುಂಡು ಅಕ್ಷರಗಳನ್ನು ಹುಡುಕುತ್ತಾಳೆ. ಕಂಡ ಮೇಲೆ ತಲೆಯಾಡಿಸಿ ಹೊರಡುತ್ತಾಳೆ.

"ನಾ ಕೊಟ್ಟ ಪಿಸ್ತೂಲು ಎಳದಾಗ ಕೈ ಕೊಡಬಾರದು," ಎನ್ನುತ್ತಾರೆ ರೇವಣಸಿದ್ದಪ್ಪ, ಮುಂದಿನದನ್ನು ಎತ್ತಿಕೊಳ್ಳುತ್ತ. "ಆದ್ರ ಎಳಿಯೂ ಹೊತ್ತ ಬರಬಾರದು. ಒಂದೂ ಹಾರದನ, ಎಲ್ಲಾ ಹಿಂಗ ಹಳೇವಾಗಿ ನನ್ನ ಕಡೆ ತಿರುಗಿ ಬರ್ಲಿ. ಅಷ್ಟ ಸಾಕ್ರಿ ನನಗ."