ಅತ್ತೆಯ ಹಸಿರು ಟ್ರಂಕು

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಸೀಟಿ ಟೀಚರ್ ಎಂದು. ಶಾಲೆಯಲ್ಲಿ ಆಟ ಆಡಿಸುವ ಕೆಲಸದಿಂದ ನಿವೃತ್ತರಾದರೂ ಕೊರಳಿನ ಸೀಟಿ ಇಳಿದಿಲ್ಲ. ಹೋದ ನೆರೆಯ ನಂತರ ಅವರಿಗೆ ಒಂದೇ ಹುಚ್ಚು: ಮುಂದಿನ ನೆರೆಗೆ ಮೊದಲೇ ಕೆಲಸ ಬಲ್ಲವರ ತಂಡ ಕಟ್ಟಬೇಕು.

ಸಭೆ ಕರೆದು ಕೈ ಎತ್ತಿಸುವುದರಲ್ಲಿ ಅವರಿಗೆ ನಂಬಿಕೆಯಿಲ್ಲ. "ಎತ್ತಿದ ಕೈಯೆಲ್ಲ ಹೋದ ಸಲ ಬಾಗಿಲು ಹಾಕ್ಕೊಂಡು ಕೂತಿದ್ವು," ಎನ್ನುತ್ತಾರೆ. ಅದಕ್ಕೇ ವರಾಂಡದಲ್ಲಿ ಹಸಿರು ಟ್ರಂಕು ಇಟ್ಟರು. ಬರುತ್ತೇನೆನ್ನುವವರು ತಮ್ಮ ಕಸುಬಿನ ಒಂದು ಸಲಕರಣೆಯನ್ನು ಅದರಲ್ಲಿ ಬಿಟ್ಟುಹೋಗಬೇಕು. ಗಾರೆಯವನ ಕರಣೆ ಬಂತು, ಬಡಗಿಯ ಗರಗಸ ಬಂತು, ನರ್ಸಮ್ಮನ ಬಿ.ಪಿ. ಯಂತ್ರವೂ ಬಂತು. ಮಾತಿನಲ್ಲೇ ಮನೆ ಕಟ್ಟುವವರು ಮಾತ್ರ ಸ್ಪ್ಯಾನರ್ ಕೊಡಿ ಎಂದ ಕೂಡಲೇ ಕೆಮ್ಮತೊಡಗುತ್ತಿದ್ದರು. ಎದುರು ಮನೆಯಲ್ಲಿರುವ ನನಗಂತೂ ನೋಡಲು ಭಾರೀ ಮಜಾ.

ಆದರೆ ಎಲೆಕ್ಟ್ರಿಷಿಯನ್ ಸಿಗಲಿಲ್ಲ. ನೀರು ನುಗ್ಗಿದ ಮನೆಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡುವವರಿಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸುವುದಿಲ್ಲವೆಂದು ಅತ್ತೆಯ ಹಠ. ಹಠಕ್ಕೆ ಕಾರಣ ಮನೆಯೊಳಗೇ ಇತ್ತು. ಮಾವ ಹೆಸರಾಂತ ಎಲೆಕ್ಟ್ರಿಷಿಯನ್. ಹೋದ ನೆರೆಯಲ್ಲಿ ಯಾರದೋ ಮನೆಯ ಕೆಸರು ಎತ್ತುವಾಗ ಶಾಕ್ ಹೊಡೆದು ಬಲಗೈಗೆ ನಡುಕ ಹತ್ತಿತು. ಅಂದಿನಿಂದ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅವರ ಮುಂದೆ ಕರೆಂಟಿನ ಮಾತೆತ್ತಲು ಅತ್ತೆಗೆ ಭಯ, ನನಗೂ ಭಯ.

ಭಾನುವಾರ ಮೊದಲ ತಾಲೀಮು. ಹಿಂದಿನ ದಿನ ಅಂಗಡಿ ಬೀದಿಯ ಎಲೆಕ್ಟ್ರಿಷಿಯನ್ ಬಂದು ಟ್ರಂಕಿಗೆ ಟೆಸ್ಟರ್ ಹಾಕಿದ. ಅತ್ತೆ ಕುಣಿಯುವುದೊಂದು ಬಾಕಿ. ಬೆಳಿಗ್ಗೆ ತಂಡವೆಲ್ಲ ಅಂಗಳದಲ್ಲಿ ಸೇರಿದ್ದಾಗ ಅವನು ಬಂದು ಅದನ್ನು ವಾಪಸ್ ತೆಗೆದುಕೊಂಡ.

"ಗಿರಾಕಿ ಕಾಯ್ತಿದಾರೆ ಟೀಚರ್, ಇವತ್ತು ಆಗಲ್ಲ."

"ಹಾಗಾದ್ರೆ ತಾಲೀಮು ಬೇಡ. ಎಲ್ರೂ ಮನೆಗೆ ಹೋಗಿ," ಎಂದರು ಅತ್ತೆ. ಮೈದಾನದ ಆಚೆ ತುದಿಗೂ ಕೇಳುತ್ತಿದ್ದ ಆ ದನಿ ಅಂದು ಪಕ್ಕದಲ್ಲೇ ನಿಂತಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಆಗ ಒಳಗಿನಿಂದ ಮಾವ ಬಂದರು. ಎಡಗೈಯಲ್ಲಿ ತಮ್ಮ ಹಳೇ ಟೆಸ್ಟರ್. ನೇರ ಟ್ರಂಕಿನ ಬಳಿ ಹೋಗಿ ಅದರೊಳಗೆ ಹಾಕಿದರು.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ಯಲ್ಲೇ. ನನ್ನನ್ನ ಯಾಕೆ ಕೇಳಲಿಲ್ಲ?"

"ನಿಮ್ಮ ಕೈ..."

"ನಡುಗೋದು ಕೈ ಕಣೇ, ತಲೆ ಅಲ್ಲ. ಎರಡು ಗಟ್ಟಿ ಕೈ ಇಟ್ಕೊಂಡು ನಿನ್ನ ಸೋದರಳಿಯ ಮಜಾ ನೋಡ್ತಾ ನಿಂತಿದಾನೆ. ನಾನು ಹೇಳ್ತೀನಿ, ಅವನು ಮಾಡ್ತಾನೆ. ಇವತ್ತಿಂದ್ಲೇ ಕಲೀಲಿ."

ಖುಷಿಗೆ ನಾನು ಒಂದೇ ನೆಗೆತಕ್ಕೆ ಟ್ರಂಕಿನ ಬಳಿ ಹೋಗಿ ನಿಂತೆ. ಗಾರೆಯವನು ನನ್ನ ಬೆನ್ನಿಗೊಂದು ಗುದ್ದಿದ.

ತಾಲೀಮು ಶುರು ಮಾಡಲು ಅತ್ತೆ ಸೀಟಿಯನ್ನು ತುಟಿಗಿಟ್ಟರು. ಸದ್ದೇ ಬರಲಿಲ್ಲ. ಇನ್ನೊಮ್ಮೆ ಊದಿದರು, ತುಟಿ ಅದುರಿತು ಅಷ್ಟೇ. ಕೊನೆಗೆ ಮಾವ ಅದನ್ನು ಅವರ ಕೊರಳಿನಿಂದ ತೆಗೆದುಕೊಂಡು ತಾವೇ ಊದಿದರು.