ಒಂದರಿಂದ ಎಣಿಸುತ್ತಿದ್ದ ಮೇಷ್ಟ್ರು

ಚಹಾ ಲೋಟ ಹಿಡಿದಾಗಲೂ ಅವರ ಬಲಗೈಯ ಕೊನೆಯ ಎರಡು ಬೆರಳು ಅಂಗೈ ಕಡೆಗೆ ಬಾಗಿಯೇ ಇರುತ್ತಿದ್ದವು. ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಕೈಗೆ ಅಂಟಿಕೊಂಡ ಒಯ್ಯಾರ ಎಂದು ನಾನು ತಿಳಿದಿದ್ದೆ. ಅವರ ಬಗ್ಗೆ ಪತ್ರಿಕೆಗೆ ಕಳಿಸಿದ ಮೊದಲ ಸುದ್ದಿಯಲ್ಲಿ ಹಾಗೆಯೇ ಬರೆದೂ ಇದ್ದೆ. ಅದು ತಪ್ಪು ವರದಿ. ಅವರು ಆ ಬೆರಳುಗಳನ್ನು ಬಾಗಿಸಿಕೊಂಡಿರಲಿಲ್ಲ; ಅವು ನೆಟ್ಟಗಾಗುವುದನ್ನೇ ಬಿಟ್ಟಿದ್ದವು.

ಅವರು ಪಾಂಡವಪುರದ ನಾಟಕದ ಮೇಷ್ಟ್ರು. ನಮ್ಮ ಕಡೆ ವ್ಯವಸಾಯ ಮಾಡುವವರು, ಡೇರಿ ನೌಕರರು, ಶಾಲಾ ಶಿಕ್ಷಕರು ವರ್ಷಕ್ಕೊಮ್ಮೆ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಅವರಿಗೆ ಎರಡು ಮೂರು ತಿಂಗಳು ಹಾಡು ಕಲಿಸಿ, ಆಟದ ದಿನ ರಂಗದ ಪಕ್ಕ ಹಾರ್ಮೋನಿಯಂ ಹಿಡಿದು ಕೂರುವವರೇ ಮೇಷ್ಟ್ರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಇವರಿಗೆ ಬೇಡಿಕೆ ಇತ್ತು. ಕಾರಣ ಒಂದೇ. ಪಾತ್ರಧಾರಿ ಒಂದು ಶ್ರುತಿಯಲ್ಲಿ ಹಾಡು ಎತ್ತಿ ಇನ್ನೊಂದರಲ್ಲಿ ಇಳಿಸಿದರೂ ಇವರ ಬೆರಳು ಅವನ ಜೊತೆಗೇ ಇರುತ್ತಿತ್ತು.

“ಹಾಡೋನು ಎಲ್ಲೋದ್ರೂ ನಾನು ಅವ್ನ ಇಂದಿಂದ್ಲೇ ಓಯ್ತೀನಿ ರಿಪೋರ್ಟ್ರೇ. ಅವ್ನು ತಪ್ದ ಅಂತ ಜನಕ್ಕೆ ಗೊತ್ತಾಗ್ಬಾರ್ದು, ಅಷ್ಟೇಯ,” ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಅವರು ಇದ್ದಕ್ಕಿದ್ದಂತೆ ಎರಡು ಸಿಂಥಸೈಸರ್ ಕೀಬೋರ್ಡು, ಒಂದು ಹಳೆಯ ಕಂಪ್ಯೂಟರು ತಂದರು. ಮೈಸೂರಿನಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾ ಒಂದರ ಸಾಮಾನು. ಮೇಷ್ಟ್ರು ಮಾಡ್ರನ್ ಆಗ್ಬುಟ್ರು ಎಂದು ಜನ ನಕ್ಕರು. ನಾನೂ ಅದನ್ನೇ ಸುದ್ದಿ ಮಾಡಲು ಹೋದೆ. ಅವರು ಬಾಗಿಲು ಮುಂದಕ್ಕೆ ಮಾಡಿ, ಬಲಗೈ ಮೇಜಿನ ಮೇಲಿಟ್ಟು, “ಈ ಎರಡು ಬೆಳ್ಳು ಬರಾಕಿಲ್ಲ ಅಂತಾವೆ. ಯಾರ್ಗೂ ಯೋಳ್ಬ್ಯಾಡಿ,” ಎಂದರು.

ಮೂರೇ ಬೆರಳಿನಲ್ಲಿ ನಿಧಾನವಾಗಿ, ಒಂದರ ಮೇಲೊಂದು ಪದರದಂತೆ, ಪ್ರತಿ ಹಾಡನ್ನೂ ಮನೆಯಲ್ಲೇ ಕಂಪ್ಯೂಟರಿಗೆ ತುಂಬಿಸುವುದು. ಆಟದ ದಿನ ಕಂಪ್ಯೂಟರಿನ ಉದ್ದನೆಯ ಗುಂಡಿ ಒತ್ತಿ ಅದನ್ನು ನುಡಿಸುವುದು. ಬೆರಳು ಹೋಯಿತೆಂದು ಗೊತ್ತಾದರೆ ಮರುವರ್ಷ ಬೇರೆ ಮೇಷ್ಟ್ರು ಬರುತ್ತಾರೆ. ಅವರಿಗೆ ಇದ್ದ ಭಯ ಅದೊಂದೇ.

ಯಂತ್ರಕ್ಕೆ ಹಾಡುವವನ ಹಿಂದೆ ಹೋಗಲು ಬರುವುದಿಲ್ಲ. ಅದಕ್ಕೂ ಅವರು ಒಂದು ದಾರಿ ಮಾಡಿಕೊಂಡಿದ್ದರು. ಪ್ರತಿ ಹಾಡನ್ನೂ ಹಾಡುವವನ ಉಸಿರಿಗೆ ತಕ್ಕಂತೆ ತುಂಡು ಮಾಡಿದ್ದರು. ರಾಜನ ಪಾರ್ಟು ಮಾಡುವ ಡೇರಿ ಸೆಕ್ರೆಟರಿಯ ಹಾಡು ಕೇಳಿಸಿ, ಮಧ್ಯೆ ಸುಮ್ಮನಾದ ಕಡೆ ನನ್ನ ಮುಖ ನೋಡಿದರು. “ಇಲ್ಲಿ ಅವ್ನು ಮೀಸೆ ತಿರುವ್ತಾನೆ. ಅದಕ್ಕೆ ನಾಕು ಮಾತ್ರೆ ಬುಟ್ಟಿವ್ನಿ.”

ಎರಡು ವರ್ಷ ಹೇಗೋ ನಡೆಯಿತು. ಮೂರನೆಯ ವರ್ಷ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಹೊಸದನ್ನು ತಂದರೆ ಅದರಲ್ಲಿ ಹಳೆಯ ಸಾಫ್ಟ್‌ವೇರ್ ಕೂರಲಿಲ್ಲ. ಮೈಸೂರಿನ ಅಂಗಡಿಯವರು ಬೇರೊಂದನ್ನು ಹಾಕಿ, ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೈಗಿಟ್ಟು ಕಳಿಸಿದರು. ಹಳೆಯ ಫ್ಲಾಪಿಗಳು ತೆರೆಯಲಿಲ್ಲ. ಕಪ್ಪು ಪರದೆಯ ಮೇಲೆ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸಕ್ಕೆ ಈಗ ಹತ್ತು ಕಿಟಕಿಗಳು. ಮೌಸು ಹಿಡಿದರೆ ಬಾಗಿದ ಬೆರಳು ತಾನಾಗಿಯೇ ಬಲಗಡೆಯ ಗುಂಡಿ ಒತ್ತಿಬಿಡುತ್ತಿತ್ತು. ಕೇಳದೇ ಇದ್ದ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತಿತ್ತು. ಒಂದು ದಿನ ತಬಲಾ ಬಾರಿಸಬೇಕಾದ ಕಡೆ ಕೊಳಲು ಕುಕ್ಕುಕ್ಕು ಎಂದಿತು.

“ಅದೇ ಕೀಬೋರ್ಡು, ಅದೇ ವೈರು, ಅದೇ ನಾನು. ಮತ್ಯಾಕಿಂಗೆ?” ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಆದರೆ ನಾನು ಪತ್ರಿಕೆಯ ಕಚೇರಿಯಲ್ಲಿ ಕಂಪ್ಯೂಟರು ಮುಟ್ಟಿದವನು, ಇಂಗ್ಲಿಷ್ ಓದಬಲ್ಲವನು. ಹಾಗಾಗಿ ಪುಸ್ತಕ ಓದಿ ಅರ್ಥ ಹೇಳುವ ಕೆಲಸ ನನ್ನದಾಯಿತು. ಎರಡು ತಿಂಗಳು ಬಿಡುವಾದಾಗಲೆಲ್ಲ ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿದೆ. ಅವರು ಎಲ್ಲ ಹಾಡುಗಳನ್ನೂ ಮೊದಲಿನಿಂದ ತುಂಬಿಸಿದರು.

ಕೊನೆಗೆ ಉಳಿದದ್ದು ವಾದ್ಯಗಳ ನಂಬರು. ಕಂಪ್ಯೂಟರಿಗೆ ಸ್ವಂತ ದನಿ ಇರಲಿಲ್ಲ. ಅದು ವೈರಿನ ಮೂಲಕ ನಂಬರು ಕಳಿಸಿದರೆ ಕೀಬೋರ್ಡು ಆ ನಂಬರಿನ ವಾದ್ಯದ ದನಿ ಹೊರಡಿಸುತ್ತಿತ್ತು. ಮನೆಯಲ್ಲಾದರೆ ವಾದ್ಯವನ್ನು ಕೀಬೋರ್ಡಿನಲ್ಲೇ ಕೈಯಿಂದ ಬದಲಿಸಬಹುದು. ರಂಗದ ಮೇಲೆ ಆ ಬೆರಳಿಂದ ಆಗದು. ಮೇಷ್ಟ್ರ ನೋಟುಪುಸ್ತಕದಲ್ಲಿ ಹಳೆಯ ನಂಬರುಗಳೆಲ್ಲ ಇದ್ದವು: ಪಿಟೀಲು ಮೇಳ ನಲವತ್ತೊಂಬತ್ತು, ಶಹನಾಯಿ ನೂರ ಹನ್ನೆರಡು, ಚಪ್ಪಾಳೆ ನೂರ ಇಪ್ಪತ್ತೇಳು. ಅವರು ಓದಿದರು, ನಾನು ಒತ್ತಿದೆ. ಪರೀಕ್ಷೆಗೆಂದು ಪಿಟೀಲು ಮೇಳದ ಮೊದಲ ಹಾಡು ಕೇಳಿದೆವು.

ಮೇಷ್ಟ್ರು ತಲೆ ಓರೆ ಮಾಡಿದರು. “ದನಿ ವಸಿ ದಪ್ಪ ಆಗ್ನಿಲ್ವಾ?”

“ಹೊಸ ಸಾಫ್ಟ್‌ವೇರ್ ಅಲ್ವಾ ಮೇಷ್ಟ್ರೇ, ಹಾಗೇ ಇರುತ್ತೆ,” ಎಂದೆ.

“ಅಂಗಂತೀರಾ?” ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಉಳಿದದ್ದನ್ನು ಕೇಳಲಿಲ್ಲ.

ಮರುದಿನ ಭಾನುವಾರ, ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಅಕ್ಕಿಹೆಬ್ಬಾಳಿನ ಕಡೆ ಆಟ. ಸಂಜೆಯ ಕರೆಂಟನ್ನು ನಂಬುವಂತಿಲ್ಲವೆಂದು ಹಗಲಿಗೇ ಇಟ್ಟುಕೊಂಡಿದ್ದರು. ಮೇಷ್ಟ್ರು ಮಾನಿಟರಿಗೆ ಕಂಬಳಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡರು. ಕಂಡಕ್ಟರು, “ಟೀವಿಗೆ ಲಗೇಜಾಯ್ತದೆ ಯಜಮಾನ್ರೇ,” ಎಂದ. “ಟೀವಿ ಅಲ್ಲ ಕಣಪ್ಪ, ಮೇಳ,” ಎಂದರು ಮೇಷ್ಟ್ರು. ಅವನು ಕಂಬಳಿ ಎತ್ತಿ ನೋಡಿ, ಏನೂ ಅರ್ಥವಾಗದೆ ಮುಂದೆ ಹೋದ. ಹಾರ್ಮೋನಿಯಂ ಕೂಡ ಬಸ್ಸಿನ ಮೇಲಿತ್ತು. ಅದನ್ನು ಯಾಕೆ ತಂದಿರೆಂದು ನಾನು ಕೇಳಲಿಲ್ಲ.

ರಾಜನ ಪ್ರವೇಶ, ಅದೇ ಡೇರಿ ಸೆಕ್ರೆಟರಿ. ಕಿರೀಟ, ಗದೆ, ತಿಂಗಳಿಂದ ಬೆಳೆಸಿದ ಮೀಸೆ. ಜನರ ಜೊತೆ ಕೀಬೋರ್ಡೂ ಚಪ್ಪಾಳೆ ತಟ್ಟಬೇಕೆಂದು ಮೇಷ್ಟ್ರು ಏರ್ಪಾಡು ಮಾಡಿದ್ದರು. ಗುಂಡಿ ಒತ್ತಿದರು.

ಢಮಾರ್ ಎಂದು ಕೋವಿಯ ಸದ್ದಾಯಿತು.

ರಾಜ ಒಂದು ಮೊಳ ಹಾರಿ ಎರಡೂ ಕೈಯಲ್ಲಿ ಕಿರೀಟ ಹಿಡಿದುಕೊಂಡ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, “ಲೇ, ರಾಜನ್ನ ಒಡ್ದಾಕ್ಬುಟ್ರು ಕಣ್ಲಾ!” ಎಂದು ಕೂಗಿದ. ಚಪ್ಪರವೇ ನಕ್ಕಿತು. ಮೇಷ್ಟ್ರು ಗಾಬರಿಯಲ್ಲಿ ಮುಂದಿನ ಹಾಡು ಒತ್ತಿದರು. ಶಹನಾಯಿ ಬರಬೇಕಾದ ಕಡೆ ಗೆಜ್ಜೆಯಂಥ ಸಣ್ಣ ಗಂಟೆಗಳು ಕಿಣಿಕಿಣಿ ಎಂದವು. ಅವರು ಪರದೆ ನೋಡಿದರು, ಕೀಬೋರ್ಡು ನೋಡಿದರು, ನನ್ನನ್ನು ನೋಡಿದರು. ನಾನು ವೈರು ಅಲುಗಾಡಿಸಿ ನೋಡಿದೆ.

ರಾಜ ರಂಗದ ಅಂಚಿಗೆ ಬಂದು ಹಲ್ಲು ಕಚ್ಚಿ, “ಅದ ಆಕಡೀಕಿಟ್ಟು ಆರ್ಮೋನಿ ತಗಳಿ ಮೇಷ್ಟ್ರೇ,” ಎಂದ.

ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡರು. ಎಡಗೈ ತಿದಿಯ ಮೇಲೆ, ಬಲಗೈಯ ಮೂರು ಬೆರಳು ಕಪ್ಪು ಬಿಳಿ ಮನೆಗಳ ಮೇಲೆ. ರಾಜ ಎಂದಿನಂತೆ ಮೇಲಕ್ಕೆ ಎತ್ತಿದ. ಹಾರ್ಮೋನಿಯಂ ಜೊತೆಗೆ ಹೋಗಲಿಲ್ಲ. ನಡುವೆ ಒಂದು ಸ್ವರ ಬಿಟ್ಟುಹೋಯಿತು, ಇನ್ನೊಂದು ತಡವಾಗಿ ಬಂತು. ರಾಜ ತಿರುಗಿ ಆ ಕೈ ನೋಡಿದ. ಮೀಸೆ ತಿರುವಿದ. ನಾಲ್ಕು ಮಾತ್ರೆಗಿಂತ ಹೆಚ್ಚೇ ಹೊತ್ತು ತಿರುವಿದ. ಆಮೇಲೆ ಹಾಡನ್ನು ಕೆಳಗಿನ ಶ್ರುತಿಯಲ್ಲಿ ಎತ್ತಿಕೊಂಡ. ಅವನಿಗೆ ಪ್ರಾಣವಾಗಿದ್ದ ಉದ್ದದ ಆಲಾಪ ಬಿಟ್ಟ. ಮೂರು ಬೆರಳಿಗೆ ಎಟುಕುವಷ್ಟರಲ್ಲೇ ಹಾಡಿ ಮುಗಿಸಿದ. ಉಳಿದ ಪಾತ್ರಧಾರಿಗಳಿಗೆ ಅವನು ಒಳಗೆ ಏನು ಹೇಳಿದನೋ ತಿಳಿಯದು. ಸಂಜೆಯವರೆಗೆ ಯಾರೂ ಮೇಲಿನ ಶ್ರುತಿಗೆ ಹೋಗಲಿಲ್ಲ.

ಬಣ್ಣ ಒರೆಸಿಕೊಳ್ಳುತ್ತಾ ಅವನು ಕೇಳಿದ. “ಯಾವಾಗಿಂದ ಮೇಷ್ಟ್ರೇ?”

“ಇದು ಮೂರನೇ ವರ್ಸ.”

“ಯೋಳ್ಬಾರ್ದಾಗಿತ್ತಾ?”

“ಯೋಳಿದ್ರೆ ಬ್ಯಾರೆ ಮೇಷ್ಟ್ರನ್ನ ಕರ್ಕಬತ್ತಿದ್ರಿ.”

ಅವನು ಬಣ್ಣದ ಬಟ್ಟೆ ಮಡಿಸಿಟ್ಟು, “ಕರ್ಕಬತ್ತಿದ್ವೇನೋ,” ಎಂದ.

ಮರುದಿನ ಬೆಳಿಗ್ಗೆ ಪುಸ್ತಕ ತೆಗೆದು ಕೂತೆ. ನಾನು ಅವಸರದಲ್ಲಿ ದಾಟಿಹೋಗಿದ್ದ ಒಂದು ಸಾಲು ಸಿಕ್ಕಿತು. ಹಳೆಯ ಸಾಫ್ಟ್‌ವೇರ್ ವಾದ್ಯಗಳನ್ನು ಒಂದರಿಂದ ಎಣಿಸುತ್ತಿತ್ತು, ಹೊಸದು ಸೊನ್ನೆಯಿಂದ. ನಾವು ಒತ್ತಿದ ಪ್ರತಿ ನಂಬರೂ ಪಕ್ಕದ ವಾದ್ಯಕ್ಕೆ ಹೋಗಿತ್ತು. ಪಿಟೀಲು ಮೇಳದ ಪಕ್ಕ ಇದ್ದದ್ದು ಇನ್ನೊಂದು ಪಿಟೀಲು ಮೇಳ, ಸ್ವಲ್ಪ ದಪ್ಪ. ಚಪ್ಪಾಳೆಯ ಪಕ್ಕ ಕೋವಿ.

ಪಾಂಡವಪುರಕ್ಕೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಮೇಷ್ಟ್ರಿಗೆ ನನ್ನ ತಪ್ಪಿಗಿಂತ ಸೊನ್ನೆಯೇ ದೊಡ್ಡ ಗೊಂದಲವಾಯಿತು. “ಏನೂ ಇಲ್ದಿರೋದ್ನ ಮೊದಲ್ನೇದು ಅಂತ ಎಂಗೆ ಎಣಿಸ್ತಾರೆ ರಿಪೋರ್ಟ್ರೇ?” ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ಒಪ್ಪಲಿಲ್ಲ. ಆಮೇಲೆ ಮೆಲ್ಲಗೆ, “ಕಿವಿ ಯೋಳ್ತು, ದಪ್ಪ ಆಯ್ತು ಅಂತ. ನಾನು ಪುಸ್ತಕದ ಮಾತು ಕೇಳ್ದೆ,” ಎಂದರು. ಪುಸ್ತಕದ ಮಾತಲ್ಲ, ಅದು ನನ್ನ ಮಾತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಮುಂದಿನ ವರ್ಷವೂ ಆ ಊರಿನವರು ಅವರನ್ನೇ ಕರೆದರು. ರಾಜ ಮಾತ್ರ ಒಂದು ಷರತ್ತು ಹಾಕಿದ: “ಎಲ್ಲಾನು ಸರಿ ಮಾಡ್ಕಳಿ, ಆ ಢಮಾರ್ ಮಾತ್ರ ತೆಗೀಬ್ಯಾಡಿ.” ಜನ ಅದಕ್ಕೇ ಕಾಯುತ್ತಿದ್ದಾರಂತೆ. ಅದು ನಿಜವೋ, ಮೇಷ್ಟ್ರ ಮುಖ ಉಳಿಸಲು ಕಟ್ಟಿದ ಮಾತೋ, ಇವತ್ತಿಗೂ ನನಗೆ ತಿಳಿಯದು. ಅವರು ನೋಟುಪುಸ್ತಕದ ಎಲ್ಲ ನಂಬರಿನಿಂದಲೂ ಒಂದೊಂದು ಕಳೆದು ಪೆನ್ಸಿಲಿನಲ್ಲಿ ಬರೆದುಕೊಂಡರು. ಚಪ್ಪಾಳೆಯ ನೂರ ಇಪ್ಪತ್ತೇಳನ್ನು ಮಾತ್ರ ಹಾಗೇ ಬಿಟ್ಟರು.

ಈಗ ಯಾರಾದರೂ ನನ್ನ ವರದಿ ಓದಿ ಎಲ್ಲೋ ಏನೋ ಸರಿಯಿಲ್ಲ ಎಂದರೆ, ಅದು ಏನೆಂದು ಅವರಿಗೇ ಹೇಳಲು ಬಾರದಿದ್ದರೂ, ಆ ಸುದ್ದಿಯನ್ನು ತಡೆಹಿಡಿಯುತ್ತೇನೆ. ಆ ಅಭ್ಯಾಸ ಅವರಿಂದ ಬಂದದ್ದು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ನಿಧನವಾರ್ತೆ ಕಳಿಸಿದೆ. ಡೆಸ್ಕಿನಿಂದ ಫೋನು ಬಂತು. “ಏನು ನುಡಿಸ್ತಿದ್ರು ಅಂತಾನೇ ಇಲ್ಲವಲ್ರೀ. ಹಾರ್ಮೋನಿಯಂ ಅಂತ ಹಾಕ್ಲಾ, ಕೀಬೋರ್ಡ್ ಅಂತ ಹಾಕ್ಲಾ?”

ನನಗೆ ಅವರ ಕೈ ನೆನಪಾಯಿತು.

“ಎರಡೂ ಬೇಡ,” ಎಂದೆ. “ನಾಟಕದ ಮೇಷ್ಟ್ರು ಅಂತಷ್ಟೇ ಹಾಕಿ. ಕೊನೇವರೆಗೂ ಮೇಷ್ಟ್ರಾಗಿದ್ರು.”